ಗೆಪ್ ಅರ್ಥವಾಗಿದ್ದು ಬೈಟು ಎಣಿಸಿದ ಮೇಲೆ

ಎಲ್‌ಎಲ್‌ವಿಎಂ ಅನ್ನೋದು ಕಂಪೈಲರ್ ಕಟ್ಟುವ ಸಲಕರಣೆ, ಐಆರ್ ಅಂದರೆ ಮೂಲ ಕೋಡ್‌ಗೂ ಅಸೆಂಬ್ಲಿಗೂ ನಡುವೆ ಅದು ಬಳಸುವ ಭಾಷೆ. ಆ ಐಆರ್ ಓದಲು ಕೂತವರ ತಲೆ ಕೆಡಿಸುವ ಇನ್‌ಸ್ಟ್ರಕ್ಷನ್ ಒಂದಿದೆ. ಹೆಸರು ಗೆಟ್‌ಎಲಿಮೆಂಟ್‌ಪಿಟಿಆರ್, ಚಿಕ್ಕದಾಗಿ ಗೆಪ್. ಸ್ಟ್ರಕ್ಟ್, ಅರೇಗಳ ಒಳಗಿನ ಒಂದು ಭಾಗದ ವಿಳಾಸ ಲೆಕ್ಕ ಹಾಕುವುದು ಇದರ ಕೆಲಸ. ಎಲ್‌ಎಲ್‌ವಿಎಂನವರು ಇದೊಂದಕ್ಕೇ ಬೇರೆ ಪ್ರಶ್ನೋತ್ತರ ಪುಟ ಬರೆದಿಟ್ಟಿದ್ದಾರೆ ಅಂದರೆ ನೋಡಿ! ನನಗೆ ಮಾತ್ರ ಇದು ಹತ್ತಿದ್ದು ಪೆನ್ನು ಹಿಡಿದು ಬೈಟು ಎಣಿಸಿದ ಮೇಲೆ.

ಸಿ ಭಾಷೆಯಲ್ಲಿ ಸಣ್ಣದೊಂದು ಸ್ಟ್ರಕ್ಟ್ ಬರೆದೆ. ಮೊದಲು ಒಂದು ಕ್ಯಾರ್, ಆಮೇಲೆ ಒಂದು ಇಂಟ್, ಕೊನೆಗೆ ನಾಲ್ಕು ಶಾರ್ಟ್‌ಗಳ ಅರೇ. ಗಾತ್ರಗಳನ್ನು ಬೇಕಂತಲೇ ಬೇರೆ ಬೇರೆ ಇಟ್ಟೆ. 64 ಬಿಟ್ ಎಕ್ಸ್86ನಲ್ಲಿ ಕ್ಯಾರ್ 0ನೇ ಬೈಟಿನಲ್ಲಿ ಕೂರುತ್ತದೆ. ಇಂಟ್‌ಗೆ 4ರ ಗುಣಕವೇ ಆಗಬೇಕು, ಹಾಗಾಗಿ ನಡುವೆ 3 ಬೈಟು ಸುಮ್ನೆ ಖಾಲಿ. ಅರೇ 8ರಿಂದ ಶುರು, ಒಟ್ಟು 16 ಬೈಟು. ಈಗ ಪಿ ಅನ್ನೋ ಪಾಯಿಂಟರ್‌ನಿಂದ 2ನೇ ಸ್ಟ್ರಕ್ಟ್, ಅದರ ಅರೇಯಲ್ಲಿ 3ನೇ ಶಾರ್ಟ್ ಬೇಕು ಅಂದೆ. ಎಣಿಕೆ 0ಯಿಂದ.

ಆಪ್ಟಿಮೈಸೇಶನ್ ಇಲ್ಲದೆ (ಓ0) ಕ್ಲ್ಯಾಂಗ್, ಅಂದರೆ ಎಲ್‌ಎಲ್‌ವಿಎಂನ ಸಿ ಕಂಪೈಲರ್, ಇದಕ್ಕೆ ಮೂರು ಗೆಪ್ ಕೊಟ್ಟಿತು. ಒಂದನೆಯದಕ್ಕೆ ಒಂದೇ ಇಂಡೆಕ್ಸ್: 2. ಮುಂದಿನದಕ್ಕೆ 0, 2. ಕೊನೆಯದಕ್ಕೆ 0, 3. ಈ ಸೊನ್ನೆ ಯಾಕೆ? ಮೊದಲ ಇಂಡೆಕ್ಸ್ ಯಾವಾಗಲೂ ಪಾಯಿಂಟರ್‌ಗೇ ಸೇರಿದ್ದು. ಆ ಟೈಪಿನ ಎಷ್ಟು ವಸ್ತುಗಳನ್ನು ದಾಟಬೇಕು ಅಂತ ಅದು ಹೇಳುತ್ತದೆ. ಒಳಗೆ ಕಾಲಿಡುವುದು ಎರಡನೆಯ ಇಂಡೆಕ್ಸ್‌ನಿಂದ. ಸೊನ್ನೆ ಅಂದರೆ ಯಾವುದನ್ನೂ ದಾಟಬೇಡ, ನೇರ ಒಳಗೆ ಹೋಗು. ಲೆಕ್ಕ ಹೀಗಾಯಿತು: 16 ಬೈಟಿನ ಎರಡು ಸ್ಟ್ರಕ್ಟ್ ದಾಟಿ 32, ಅದಕ್ಕೆ ಅರೇ ಶುರುವಾಗುವ 8, ಮತ್ತೆ 2 ಬೈಟಿನ ಮೂರು ಶಾರ್ಟ್ ದಾಟಿ 6. ಒಟ್ಟು 46. ಮೂರನ್ನೂ ಸೇರಿಸಿ 2, 2, 3 ಅಂತ ಒಂದೇ ಗೆಪ್‌ನಲ್ಲಿ ಬರೆದರೂ ಇದೇ ಉತ್ತರ.

ಆಪ್ಟಿಮೈಸೇಶನ್‌ಗೆ ಓ2 ಹಾಕಿ ನೋಡಿದರೆ ಸ್ಟ್ರಕ್ಟಿನ ಹೆಸರೇ ಮಾಯ. ಐ8 (ಒಂದು ಬೈಟಿನ ಟೈಪ್), 46 ಅಷ್ಟೇ. ಅಸೆಂಬ್ಲಿಯಲ್ಲಿ ಅದೂ ಬೇರೆ ಸಾಲಾಗಿ ಉಳಿಯಲಿಲ್ಲ, ಪಿ ಇದ್ದ ಆರ್‌ಡಿಐ ರಿಜಿಸ್ಟರ್ ಪಕ್ಕದಲ್ಲಿ 46 ಆಗಿ ಕೂತಿತ್ತು. ಕಲಿಯುವವರು ಓ0 ಇಂದಲೇ ಶುರು ಮಾಡಿ. ಹಳೆಯ ಪಾಠಗಳಲ್ಲಿ ಪಾಯಿಂಟರ್‌ಗೂ ಟೈಪ್ ಅಂಟಿಕೊಂಡಿರುತ್ತದೆ, ಗಾಬರಿ ಬೇಡ. 2022ರ ಎಲ್‌ಎಲ್‌ವಿಎಂ 15ರಿಂದ ಎಲ್ಲ ಪಾಯಿಂಟರ್‌ಗೂ ಬರೀ ಪಿಟಿಆರ್ ಅನ್ನೋ ಒಂದೇ ಟೈಪ್. ಗೆಪ್‌ನಲ್ಲಿ ಬರೆಯುವ ಟೈಪ್ ಗುಣಾಕಾರ, ಕೂಡುವಿಕೆಗಷ್ಟೇ.

ಆಮೇಲೆ ಮಾಡಿದ ಒಂದು ಬದಲಾವಣೆಯಿಂದ ಜಾಸ್ತಿ ಕಲಿತೆ. ಅರೇ ತೆಗೆದು ಅದೇ ಹೆಸರಲ್ಲಿ ಒಂದು ಶಾರ್ಟ್ ಪಾಯಿಂಟರ್ ಇಟ್ಟೆ. ಸ್ಟ್ರಕ್ಟ್ ಈಗಲೂ 16 ಬೈಟು, ಪಾಯಿಂಟರ್ ಇರುವುದೂ 8ರಲ್ಲೇ. ಸಿ ಸಾಲಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಐಆರ್ ಮಾತ್ರ ಬದಲಾಯಿತು: ಎರಡನೆಯ ಗೆಪ್ ಆದ ಮೇಲೆ ಒಂದು ಲೋಡ್ (ಮೆಮೊರಿಯಿಂದ ಓದುವ ಇನ್‌ಸ್ಟ್ರಕ್ಷನ್) ಬಂತು, ಕೊನೆಯ ಗೆಪ್‌ನಲ್ಲಿ ಸೊನ್ನೆ ಹೋಗಿ ಬರೀ 3 ಉಳಿಯಿತು. ಗೆಪ್ ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಲಕೋಟೆ ಮೇಲೆ ವಿಳಾಸ ಬರೆದ ಮಾತ್ರಕ್ಕೆ ಕಾಗದ ತಲುಪುವುದಿಲ್ಲ, ಅಲ್ವಾ? 40ನೇ ಬೈಟಿನಲ್ಲಿ ಏನಿದೆ ಅಂತ ಓದದೆ ಮುಂದಿನ 6 ಎಲ್ಲಿಂದ ಎಣಿಸಬೇಕು ಅಂತ ಗೊತ್ತಾಗುವುದಿಲ್ಲ. ಓ2 ಕೊಟ್ಟರೂ ಇವೆರಡೂ 46 ಆಗಿ ಕೂಡಲಿಲ್ಲ.

ಇನ್ನು ಗೆಪ್ ಜೊತೆ ಬರೆಯುವ ಇನ್‌ಬೌಂಡ್ಸ್ ಅನ್ನೋ ಪದ. ಅದೇ ಆಬ್ಜೆಕ್ಟ್‌ನ ಒಳಗೆ, ಇಲ್ಲವೇ ಸರಿಯಾಗಿ ಅದರ ಕೊನೆಯಂಚಿಗೆ ಬರುತ್ತೇನೆ ಅಂತ ಕೊಡುವ ಮಾತು ಅದು. ತಪ್ಪಿದರೆ ಸಿಗುವುದು ಪಾಯ್ಸನ್, ಅಂದರೆ ನಂಬಿ ಬಳಸಲಾಗದ ಬೆಲೆ. ನನ್ನದೇ ಪಾಸ್‌ನಲ್ಲಿ (ಐಆರ್ ಓದಿ ತಿದ್ದುವ ಒಂದು ಹಂತ) ಹೊಸ ಗೆಪ್ ಹಾಕುವಾಗ ಖಾತ್ರಿ ಇಲ್ಲದಿದ್ದರೆ ಇನ್‌ಬೌಂಡ್ಸ್ ಪದವನ್ನು ಬಿಟ್ಟುಬಿಡುತ್ತೇನೆ. ಹೋದರೆ ಒಂದಷ್ಟು ಆಪ್ಟಿಮೈಸೇಶನ್ ಹೋಗುತ್ತದೆ, ಅಷ್ಟೇ.