ಹೆಡ್ ಸ್ಟಡ್ ಬಿಗಿ ಮಾಡುವಾಗ ನಾನು ಅನುಸರಿಸುವ ಕ್ರಮ

ಹೆಡ್ ಸ್ಟಡ್ ಎಂದರೆ ಎಂಜಿನ್‌ನ ಮೇಲ್ಭಾಗವಾದ ಹೆಡ್ ಅನ್ನು ಕೆಳಗಿನ ಬ್ಲಾಕ್‌ಗೆ ನಟ್ ಹಾಕಿ ಹಿಡಿದಿಡುವ ಥ್ರೆಡ್ ಇರುವ ಕಂಬಿ. ಟರ್ಬೊ ಹಾಕಿದ ನನ್ನ ಎಂಜಿನ್‌ನಲ್ಲಿ ಒಮ್ಮೆ ಹೆಡ್ ಗ್ಯಾಸ್ಕೆಟ್, ಅಂದರೆ ಇವೆರಡರ ನಡುವಿನ ಸೀಲ್, ಹೋಯಿತು. ಬಿಚ್ಚಿ ನೋಡಿದರೆ ಬ್ಲಾಕ್‌ನ ಒಂದು ತೂತಿನ ತಳದಲ್ಲಿ ಹಳೆ ಆಯಿಲ್ ನಿಂತಿತ್ತು. ಸ್ಟಡ್ ಪೂರ್ತಿ ಕೂತಿರಲೇ ಇಲ್ಲ. ಆದರೂ ಟಾರ್ಕ್ ರೆಂಚ್ (ಹೊಂದಿಸಿದಷ್ಟು ತಿರುಚು ಬಲ, ಅಂದರೆ ಟಾರ್ಕ್, ಬಂದಾಗ ಸದ್ದು ಮಾಡುವ ಸ್ಪ್ಯಾನರ್) ಕ್ಲಿಕ್ ಎಂದಿತ್ತು!

ಅದಕ್ಕೇ ಮೊದಲು ತೂತುಗಳನ್ನು ಚೊಕ್ಕ ಮಾಡಿ. ಇರುವ ಥ್ರೆಡ್ ಅನ್ನು ಚೊಕ್ಕ ಮಾಡುವ ಥ್ರೆಡ್ ಚೇಸರ್ ಬಳಸಿ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಬೇಡ, ಅದು ಲೋಹವನ್ನೇ ಕತ್ತರಿಸಿಬಿಡಬಹುದು. ಆಮೇಲೆ ಕಂಪ್ರೆಸರ್ ಗಾಳಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ತೂತು ನೀರಿನ ಜಾಕೆಟ್‌ಗೆ (ಎಂಜಿನ್ ತಣಿಸುವ ನೀರು ಹರಿಯುವ ಜಾಗಕ್ಕೆ) ತೆರೆದುಕೊಂಡಿದ್ದರೆ ಸ್ಟಡ್‌ಗೆ ಸೀಲೆಂಟ್ ಹಚ್ಚಿ. ಸ್ಟಡ್ಡನ್ನು ಕೈಬಿಗಿ ಮಾಡಿದರೆ ಸಾಕು.

ಗ್ಯಾಸ್ಕೆಟ್, ಹೆಡ್ ಕೂರಿಸಿದ ಮೇಲೆ ನಟ್‌ನ ಥ್ರೆಡ್‌ಗೆ, ನಟ್ ಕೂರುವ ವಾಷರ್ ಮುಖಕ್ಕೆ ಸ್ಟಡ್ ಜೊತೆ ಬಂದ ಲ್ಯೂಬ್ ಅನ್ನೇ ಹಚ್ಚಿ. ಅದರ ಬದಲು ಎಂಜಿನ್ ಆಯಿಲ್ ಹಾಕಿದರೆ ತಿಕ್ಕಾಟ ಜಾಸ್ತಿ. ಅದೇ ಟಾರ್ಕ್‌ಗೆ ಹಿಡಿತ ಕಡಿಮೆ ಆಗುತ್ತದೆ.

ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಅಂಕಿ 110 ನ್ಯೂಟನ್ ಮೀಟರ್ ಇದ್ದರೆ ನಾನು 40, 75, 110 ಎಂದು ಹೋಗುತ್ತೇನೆ. ಅಂಕಿ ಸ್ಟಡ್ ತಯಾರಕರ ಹಾಳೆಯದ್ದೇ ಆಗಿರಬೇಕು, ಹಳೆ ಬೋಲ್ಟ್‌ನದ್ದಲ್ಲ.

ಮರುಬಿಗಿ ಎಲ್ಲ ಗ್ಯಾಸ್ಕೆಟ್‌ಗೂ ಬೇಕಿಲ್ಲ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ತಯಾರಕರು ಬೇಡ ಎಂದಿದ್ದರೆ ಮುಟ್ಟಬೇಡಿ. ಬೇಕಿದ್ದರೆ, ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ರಾತ್ರಿಯಿಡೀ ತಣ್ಣಗಾಗಲಿ. ಅದೇ ಕ್ರಮದಲ್ಲಿ ಒಂದೊಂದೇ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಒಂದೇ ಎಳೆತದಲ್ಲಿ ಕೊನೆಯ ಅಂಕಿಗೆ ತನ್ನಿ. ಸಡಿಲಿಸದೆ ಸುಮ್ನೆ ರೆಂಚ್ ಹಾಕಿದರೆ, ಅಂಟಿಕೊಂಡ ನಟ್ ಕದಲದೆಯೇ ಕ್ಲಿಕ್ ಎನ್ನುತ್ತದೆ. ಆದರೆ ಎರಡು ನಟ್ ಒಟ್ಟಿಗೆ ಸಡಿಲ ಮಾಡಲೇಬೇಡಿ.