ಮೆಜೆಸ್ಟಿಕ್ ಹುಡುಗರ ಜತೆ ಅಂಗಾಲು ಧ್ಯಾನ: ನಮ್ಮ ಅನುಭವ

ಬೀದಿಯಲ್ಲಿ ಮಲಗಿ ಸೊಲ್ಯೂಷನ್ (ನಶೆಗೆ ಮೂಸುವ ಅಂಟು) ಎಳೆಯುವ ಹುಡುಗರಿಗೆ ಧ್ಯಾನ ಹೇಳಿಕೊಟ್ಟರೆ ಹೊಡೆದಾಟ ನಿಲ್ಲುತ್ತದಾ? ನಮ್ಮಂತೆ ಬೀದಿ ಹುಡುಗರ ಜತೆ ಕೆಲಸ ಮಾಡುವವರೇ ಕೇಳಿದ್ದರು. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಸುತ್ತ 18 ದಾಟಿದ ಹುಡುಗರ ನಡುವೆ ವಾರಕ್ಕೆ ಐದಾರು ಆಗುತ್ತಿದ್ದ ರಕ್ತ ಬರುವ ಜಗಳ ಈಗ ಒಂದೋ ಎರಡೋ. ಇಷ್ಟಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು.

ಕಣ್ಣು ಮುಚ್ಚಿ ಉಸಿರು ಗಮನಿಸುವ ಪಾಠ ಇಲ್ಲಿ ನಡೆಯುವುದಿಲ್ಲ. ಫುಟ್‌ಪಾತ್‌ನಲ್ಲಿ ಕಣ್ಣು ಮುಚ್ಚಿದವನ ಫೋನು, ಚಪ್ಪಲಿ ಹೋಗುತ್ತದೆ. ತಿಂದ ಏಟುಗಳೆಲ್ಲ ನೆನಪಾಗುವುದೂ ಆಗಲೇ. ಕಪಾಲಭಾತಿಯಂಥದ್ದನ್ನಂತೂ ಮುಟ್ಟಲೇಬೇಡಿ. ಸೊಲ್ಯೂಷನ್‌ನಲ್ಲಿರುವ ಟೊಲುವಿನ್ ಎಂಬ ರಾಸಾಯನಿಕ ಹೃದಯದ ಬಡಿತದ ಲಯ ತಪ್ಪಿಸಬಲ್ಲದು. ಎಳೆದವನನ್ನು ಅಟ್ಟಿಸಿಕೊಂಡು ಹೋದರೂ, ಹೆದರಿಸಿದರೂ ಜೀವಕ್ಕೆ ಅಪಾಯ.

ನಾವು ಹಿಡಿದದ್ದು ಅಂಗಾಲು. ಮನಶ್ಶಾಸ್ತ್ರಜ್ಞ ನಿರ್ಭಯ್ ಸಿಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ವಿಧಾನ. ಕಣ್ಣು ಬಿಟ್ಟುಕೊಂಡೇ ನಿಲ್ಲಬೇಕು. ಸಿಟ್ಟು ಬಂದ ಗಳಿಗೆಯನ್ನು ನೆನೆದು, ಅದನ್ನು ತಳ್ಳದೆ, ಗಮನವನ್ನು ಪಾದಕ್ಕೆ ಇಳಿಸಬೇಕು: ಬೆರಳು ಮಡಿಸು, ಹಿಮ್ಮಡಿ ಒತ್ತು, ಚಪ್ಪಲಿಯ ಒರಟು ಗೊತ್ತಾಗುತ್ತಾ ನೋಡು. ಮೂರು ನಿಮಿಷ ಸಾಕು, ಐದಾದರೆ ಗಲಾಟೆ ಶುರು. ಮೊದಲ ಎರಡು ವಾರ ಸಣ್ಣ ಸಿಟ್ಟುಗಳನ್ನೇ ನೆನೆಸಿ. ನೇರ ಮನೆ ಬಿಟ್ಟ ದಿನಕ್ಕೆ ಕರೆದೊಯ್ದರೆ ಹುಡುಗ ಮರುದಿನ ಬರುವುದಿಲ್ಲ.

ಬೆಳಗಿನ ಕ್ಲಾಸು ದಂಡ. ಜಗಳ ಹತ್ತಿಕೊಳ್ಳುವುದು ಗುಜರಿ ಅಂಗಡಿಯಲ್ಲಿ ತೂಕ ಹಾಕಿ ದುಡ್ಡು ಹಂಚುವಾಗ, ಆಮೇಲೆ ಮಲಗುವ ಜಾಗಕ್ಕೆ. ಆದ್ದರಿಂದ ತೂಕಕ್ಕೆ ಅರ್ಧ ಗಂಟೆ ಮುಂಚೆ, ಟೀ-ಬನ್ ಆದ ಮೇಲೆ. ಹಸಿದವನಿಗೆ ಅಂಗಾಲು ನೆನಪಿರುವುದಿಲ್ಲ.

ಆದರೆ ಕೆಲಸ ನಿಂತಿರುವುದು ಜೋಡಿ ಗೆಳೆಯರ ಮೇಲೆ. ಹತ್ತು ಹನ್ನೆರಡು ಹುಡುಗರಿಗೆ ಅವರಲ್ಲೇ ಇಬ್ಬರು, ಬೇರೆ ಬೇರೆ ಗುಂಪಿನವರು. ಒಂದೇ ಗುಂಪಿನವರಾದರೆ ತಿಂಗಳೊಳಗೆ ವಸೂಲಿ ಶುರುವಾಗುತ್ತದೆ. ನಮ್ಮಲ್ಲಿ ಒಂದು ಕಡೆ ಆಗಿ, ಆ ಗುಂಪೇ ಒಡೆಯಿತು. ಬಾಯಿ ಜೋರಿನ ಅಣ್ಣನನ್ನು ಆರಿಸಬೇಡಿ. ಯಾರನ್ನು ಆರಿಸಬೇಕೆಂಬ ಗುಟ್ಟು ಇಲ್ಲಿ ಬರೆಯುವುದಿಲ್ಲ, ಜತೆಗೆ ಬಂದು ಕೆಲಸ ಮಾಡಿದವರಿಗೆ ಹೇಳುತ್ತೇವೆ. ಜಗಳದಲ್ಲಿ ಒಬ್ಬ ಸುತ್ತ ನಿಂತವರನ್ನು ಚದುರಿಸುತ್ತಾನೆ, ಇನ್ನೊಬ್ಬ ಹೆಚ್ಚು ಕೆರಳಿದವನನ್ನು ನೀರಿನ ನಲ್ಲಿ ಕಡೆ ನಡೆಸುತ್ತಾನೆ. ಬ್ಲೇಡು ಹೊರಬಂದರೆ ಹತ್ತಿರ ಹೋಗುವಂತಿಲ್ಲ, 112ಕ್ಕೆ ಫೋನ್.

ದುಡ್ಡಿನ ಮಾತು. ಜೋಡಿಯಲ್ಲಿ ಒಬ್ಬೊಬ್ಬನಿಗೆ ವಾರಕ್ಕೆ ಸುಮಾರು ಸಾವಿರ ರೂಪಾಯಿ, ಟೀ-ಬನ್ನಿಗೆ ದಿನಕ್ಕೆ ಇನ್ನೂರೈವತ್ತರ ಆಸುಪಾಸು. ತಿಂಗಳ ಸಂಬಳ ಒಟ್ಟಿಗೆ ಕೊಟ್ಟರೆ ಅದೇ ರಾತ್ರಿ ಕಳವಾಗುತ್ತದೆ, ಕಳವಾದದ್ದೇ ಹೊಸ ಜಗಳ. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಬನ್ನಿಗೆ ಕೊಡುವುದಿಲ್ಲ. ಬಜೆಟ್‌ನಲ್ಲಿ ಟೀ-ಬನ್ನನ್ನು ಮೊದಲ ಸಾಲಿಗೇ ಬರೆಯಿರಿ.

ಪಕ್ಕದಲ್ಲೇ ಕೇರಂ ಪ್ರಯೋಗವೂ ನಡೆಯಿತು: ಸ್ಟ್ರೈಕರ್ ಹೊಡೆಯುವ ಮುಂಚೆ ಒಮ್ಮೆ ಉಸಿರು ಬಿಟ್ಟು, ಪಾದ ಊರಬೇಕು. ಸೋತವನು ಬೋರ್ಡ್ ಎತ್ತಿ ಹಾಕುವುದು ನಿಂತಿತು. ಪಂದ್ಯ ಕಟ್ಟುವುದು ನಿಂತಿಲ್ಲ, ಅದಕ್ಕೆ ದಾರಿ ಹುಡುಕುತ್ತಿದ್ದೇವೆ.

18ರೊಳಗಿನ ಹುಡುಗ ಬಂದು ಕೂತರೆ ಈ ಗುಂಪಿಗೆ ಸೇರಿಸಬೇಡಿ. ಮನೆಮಂದಿ ಯಾರೂ ಇಲ್ಲದ ಮಗು ಕಂಡರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಜೋಡಿ ಗೆಳೆಯರಿಗೆ ಮೊದಲ ದಿನವೇ ಆ ನಂಬರ್ ಬಾಯಿಪಾಠ ಮಾಡಿಸಿ.