ಥಿಂಕ್‌ಪ್ಯಾಡ್ ಟಿ480ರಲ್ಲಿ ಮ್ಯಾಕ್‌ಓಎಸ್: ಬ್ಯಾಟರಿ, ಸ್ಲೀಪ್, ಟ್ರ್ಯಾಕ್‌ಪ್ಯಾಡ್ ಎಲ್ಲ ಸರಿಯಾಯಿತು

ಲೆನೊವೊ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪಿಗೆ ಆಪಲ್‌ನ ಮ್ಯಾಕ್‌ಓಎಸ್ ಹಾಕೋಕೆ ಹೊರಟಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. "ಬೂಟ್ ಆಗುತ್ತೆ ಬಿಡು. ಬ್ಯಾಟರಿ, ಸ್ಲೀಪ್ ಮಾತ್ರ ಸರಿಯಾಗಲ್ಲ. ಹ್ಯಾಕಿಂಟಾಶ್ ಏನಿದ್ದರೂ ಡೆಸ್ಕ್‌ಟಾಪಿಗೆ. ಲ್ಯಾಪ್‌ಟಾಪಿಗೆ ಸುಮ್ನೆ ಲಿನಕ್ಸ್ ಹಾಕ್ಕೋ." (ಆಪಲ್ ಅಲ್ಲದ ಯಂತ್ರದಲ್ಲಿ ಮ್ಯಾಕ್‌ಓಎಸ್ ಓಡಿಸಿದರೆ ಅದೇ ಹ್ಯಾಕಿಂಟಾಶ್.) ಈಗ ಇದೇ ಯಂತ್ರದಲ್ಲಿ ಮೈಸೂರು ರೈಲಿನಲ್ಲಿ ಕೂತು ಕೋಡ್ ಬರೆಯುತ್ತೇನೆ. ಚಾರ್ಜರ್ ಮನೆಯಲ್ಲೇ ಇರುತ್ತದೆ.

ನನಗೆ ಬೇಕಿದ್ದದ್ದು ಎಕ್ಸ್‌ಕೋಡ್, ಅಂದರೆ ಮ್ಯಾಕ್‌ಓಎಸ್‌ನಲ್ಲಿ ಮಾತ್ರ ಓಡುವ, ಐಫೋನ್ ಆ್ಯಪ್ ಬರೆಯುವ ಆಪಲ್ ತಂತ್ರಾಂಶ. ಎಂ1 ಮ್ಯಾಕ್‌ಬುಕ್ ಏರ್ ಇಲ್ಲಿಗೆ ಬಂದಾಗ ಬೆಲೆ 92,900 ರೂಪಾಯಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ಟಿ480 ತಂದದ್ದು ಹೆಚ್ಚುಕಮ್ಮಿ 19 ಸಾವಿರಕ್ಕೆ: ಐ5-8350ಯು, 16 ಜಿಬಿ ರ್‍ಯಾಮ್. ಅದರಲ್ಲಿದ್ದ ಎನ್‌ವಿಎಂಇ ಎಸ್‌ಎಸ್‌ಡಿ, ಮ್ಯಾಕ್‌ಓಎಸ್ ಇನ್‌ಸ್ಟಾಲರ್‌ನಲ್ಲೇ ಕರ್ನಲ್ ಪ್ಯಾನಿಕ್ ಕೊಡುತ್ತಿತ್ತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಬೇರೆಯದಕ್ಕೆ ಮೂರೂವರೆ ಸಾವಿರ ಹೋಯಿತು. ಆಪಲ್ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಆಪಲ್ ಯಂತ್ರಕ್ಕೆ ಮಾತ್ರ ಅಂತ ಗೊತ್ತಿದ್ದೇ ಮಾಡಿದ್ದು. ಇದು ನನ್ನ ಸ್ವಂತ ಕಲಿಕೆಯ ಯಂತ್ರ, ಆಫೀಸ್ ಕೆಲಸ ಇದರಲ್ಲಿ ಮಾಡಲ್ಲ.

ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್, ಅದರ ಜೊತೆ ಹಾಕುವ ಲೀಲು, ಗ್ರಾಫಿಕ್ಸ್ ಸರಿಮಾಡುವ ವಾಟೆವರ್‌ಗ್ರೀನ್, ಇವುಗಳ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ. ನೇರ ಬ್ಯಾಟರಿಗೆ ಬರುತ್ತೇನೆ.

ಟಿ480ರಲ್ಲಿ ಎರಡು ಬ್ಯಾಟರಿ. ಒಳಗೆ 24 ವ್ಯಾಟ್-ಅವರ್‌ನದು, ಹಿಂದೆ ಬಿಚ್ಚಿ ಹಾಕುವಂಥದು ಇನ್ನೊಂದು. ಬ್ಯಾಟರಿ ಮಟ್ಟ ತೋರಿಸುವ ಎಸ್‌ಎಂಸಿ ಬ್ಯಾಟರಿ ಮ್ಯಾನೇಜರ್ ಡ್ರೈವರ್ ಹಾಕಿದರೂ ಮೇಲಿನ ಬ್ಯಾಟರಿ ಚಿತ್ರದಲ್ಲಿ ಬರೀ ಕ್ರಾಸ್ ಗುರುತು. ಕಾರಣ ಇಸಿ (ಬ್ಯಾಟರಿ, ಕೀಬೋರ್ಡ್ ನೋಡಿಕೊಳ್ಳುವ ಪುಟ್ಟ ಚಿಪ್) ಒಳಗಿನ ಫೀಲ್ಡ್‌ಗಳು. ಉಳಿದ ಚಾರ್ಜ್ ಹೇಳುವ ಎಸ್‌ಬಿಆರ್‌ಸಿ, ಪೂರ್ತಿ ಚಾರ್ಜ್ ಹೇಳುವ ಎಸ್‌ಬಿಎಫ್‌ಸಿ, ಎರಡೂ 16 ಬಿಟ್. ಮ್ಯಾಕ್‌ಓಎಸ್ ಅಲ್ಲಿ 8 ಬಿಟ್‌ಗಿಂತ ಜಾಸ್ತಿ ಓದುವುದಿಲ್ಲ. ಹಳೇ ದಾರಿ ಅಂದರೆ ಡಿಎಸ್‌ಡಿಟಿ (ಹಾರ್ಡ್‌ವೇರ್ ವಿವರವನ್ನು ಓಎಸ್‌ಗೆ ಹೇಳುವ ಬಯಾಸ್‌ನ ಪಟ್ಟಿ) ಬಿಚ್ಚಿ ಒಂದೊಂದು ಫೀಲ್ಡನ್ನೂ ಎರಡು ತುಂಡು ಮಾಡಿ, ಓದುವಾಗ ಮತ್ತೆ ಸೇರಿಸುವುದು. ಅದನ್ನೂ ಮಾಡಿ ನೋಡಿದೆ, ಕೆಲಸ ಮಾಡಿತು. ಆದರೆ ಬಯಾಸ್ ಅಪ್‌ಡೇಟ್ ಆದ ಕೂಡಲೇ ಎಲ್ಲ ಹೋಯಿತು. ಈಗ ಆ ದೊಡ್ಡ ಫೀಲ್ಡ್‌ಗಳನ್ನು ಹಾಗೇ ಓದಿಸುವ ಇಸಿಎನೇಬ್ಲರ್ ಒಂದೇ ಸಾಕು, ಡಿಎಸ್‌ಡಿಟಿ ಮುಟ್ಟಬೇಕಿಲ್ಲ.

ಆದರೂ ಶೇಕಡಾ ಲೆಕ್ಕ ಕುಣಿಯುತ್ತಿತ್ತು. ಹಿಂದಿನದು ಖಾಲಿಯಾಗುತ್ತಾ ಬಂದರೆ, ಒಳಗಿನದು ತುಂಬಿದ್ದರೂ 'ಚಾರ್ಜ್ ಹಾಕಿ' ಅನ್ನುತ್ತಿತ್ತು. ಎರಡನ್ನೂ ಒಂದಾಗಿ ತೋರಿಸುವ ಬಿಎಟಿಸಿ ಎಸ್‌ಎಸ್‌ಡಿಟಿ (ಡಿಎಸ್‌ಡಿಟಿಗೆ ಹೊರಗಿಂದ ಸೇರಿಸುವ ಪುಟ್ಟ ಪಟ್ಟಿ) ಹಾಕಿದ ಮೇಲೆ ಅದು ನಿಂತಿತು. ಹಿಂದಿನದಕ್ಕೆ 72 ವ್ಯಾಟ್-ಅವರ್‌ನ ಬ್ಯಾಟರಿ ತಂದೆ, 4 ಸಾವಿರದ ಆಸುಪಾಸು. ಈಗ ಏಳೆಂಟು ಗಂಟೆ ಆರಾಮಾಗಿ ಬರುತ್ತೆ.

ಟ್ರ್ಯಾಕ್‌ಪ್ಯಾಡ್ ಬೇಗ ಮುಗಿಯಿತು. ವೂಡೂಆರ್‌ಎಂಐ ಡ್ರೈವರ್ ಹಾಕಿ, ಮೂರು ಬೆರಳಿನ ಜೆಸ್ಚರ್ ಕೂಡ ಬರುತ್ತೆ. ಅದರ ಜೊತೆ ಬರುವ ವೂಡೂಇನ್‌ಪುಟ್ ಎರಡು ಕಡೆಯಿಂದ ಲೋಡ್ ಆಗದ ಹಾಗೆ ನೋಡಿಕೊಳ್ಳಿ, ಅಷ್ಟೇ. ಬ್ರೈಟ್‌ನೆಸ್‌ಗೆ ಪಿಎನ್‌ಎಲ್‌ಎಫ್ ಎಸ್‌ಎಸ್‌ಡಿಟಿ, ಎಫ್‌ಎನ್ ಕೀಗಳಿಗೆ ಬ್ರೈಟ್‌ನೆಸ್‌ಕೀಸ್ ಡ್ರೈವರ್. ಆಡಿಯೋ ಚಿಪ್ ಎಎಲ್‌ಸಿ257. ಅದನ್ನು ಹೇಗೆ ಜೋಡಿಸಬೇಕು ಅಂತ ಮ್ಯಾಕ್‌ಓಎಸ್‌ಗೆ ಹೇಳುವ ಸಂಖ್ಯೆಯೇ ಲೇಔಟ್ ಐಡಿ. ಹೆಡ್‌ಫೋನ್ ಚುಚ್ಚಿದಾಗ ಒಂಚೂರೂ ಕರಕರ ಸದ್ದು ಬಾರದ ಲೇಔಟ್ ಐಡಿ ಒಂದಿದೆ. ಅದು ಯಾವುದು ಅಂತ ಇಲ್ಲಿ ಬರೆಯಲ್ಲ. ಒಂದು ಸಂಜೆ ಕೂತು ಒಂದೊಂದೇ ಹಾಕಿ ನೋಡಿ, ಸಿಗುತ್ತೆ.

ಜೀವ ತಿಂದಿದ್ದು ಸ್ಲೀಪ್. ಮುಚ್ಚಳ ಮುಚ್ಚಿದರೆ ಮಲಗುತ್ತೆ, ಕೆಲವೇ ಸೆಕೆಂಡಿಗೆ ತಾನಾಗೇ ಏಳುತ್ತೆ. ಬ್ಯಾಗಿನೊಳಗೆ ಕೈ ಹಾಕಿದರೆ ಕಾದ ಕಾವಲಿ! ಪವರ್ ದಾಖಲೆ ತೋರಿಸುವ ಪಿಎಂಸೆಟ್ ಲಾಗ್ ತೆಗೆದು ನೋಡಿದರೆ ಪ್ರತಿ ಸಲವೂ ಎಬ್ಬಿಸಿದ್ದು ಎಕ್ಸ್‌ಎಚ್‌ಸಿ, ಅಂದರೆ ಯುಎಸ್‌ಬಿ. ಸಾಧನಗಳು ಯಂತ್ರವನ್ನು ಎಬ್ಬಿಸದಂತೆ ತಡೆಯುವ ಜಿಪಿಆರ್‌ಡಬ್ಲ್ಯೂ ಪ್ಯಾಚ್ ಹಾಕಿದೆ, ಅರ್ಧ ಕಮ್ಮಿಯಾಯಿತು. ಪೂರ್ತಿ ಸರಿಹೋಗಿದ್ದು ಯುಎಸ್‌ಬಿ ಮ್ಯಾಪ್ ಮಾಡಿದ ಮೇಲೆ, ಅಂದರೆ ಯಾವ ಪೋರ್ಟ್ ಯಾವ ಬಗೆಯದು ಅಂತ ಪಟ್ಟಿ ಕೊಟ್ಟ ಮೇಲೆ. ಮ್ಯಾಕ್‌ಓಎಸ್‌ನ 15 ಪೋರ್ಟ್ ಮಿತಿಯೊಳಗೆ ತಂದು, ಕ್ಯಾಮೆರಾ ಮತ್ತು ಬ್ಲೂಟೂತ್ ಎರಡನ್ನೂ 255, ಅಂದರೆ ಇಂಟರ್ನಲ್ ಮಾಡಿದೆ. ಹೇಗೂ ಕೆಲಸ ಮಾಡದ ಫಿಂಗರ್‌ಪ್ರಿಂಟ್ ರೀಡರನ್ನು ಬಯಾಸ್‌ನಲ್ಲೇ ಆಫ್ ಮಾಡಿದೆ. ಹೈಬರ್ನೇಟ್‌ಮೋಡ್ ಸೊನ್ನೆ, ಅಂದರೆ ಮಲಗುವಾಗ ಡಿಸ್ಕಿಗೆ ಏನೂ ಬರೆಯಲ್ಲ. ಈಗ ರಾತ್ರಿಯಿಡೀ ಮಲಗಿಸಿದರೆ ಇಳಿಯುವುದು ಮೂರ್ನಾಲ್ಕು ಪರ್ಸೆಂಟ್. ಇದನ್ನು ನಂಬದವರಿಗೆಲ್ಲ ಲ್ಯಾಪ್‌ಟಾಪ್ ಕೈಗೇ ಕೊಟ್ಟು ತೋರಿಸಿದ್ದೇನೆ.

ನಡುವೆ ಏರ್‌ಡ್ರಾಪ್ (ಆಪಲ್ ಸಾಧನಗಳ ನಡುವೆ ವೈರ್ ಇಲ್ಲದೆ ಫೈಲ್ ಕಳಿಸುವುದು) ಆಸೆಗೆ ಬ್ರಾಡ್‌ಕಾಮ್ ವೈಫೈ ಕಾರ್ಡ್ ತಂದಿದ್ದೆ, 2 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಮ್ಯಾಕ್‌ಓಎಸ್‌ನ ವೆಂಚುರಾ ಆವೃತ್ತಿಯಲ್ಲಿ ಚೆನ್ನಾಗಿತ್ತು. ಅದರ ಮುಂದಿನ ಸೊನೋಮಾದಲ್ಲಿ ಆ ಚಿಪ್‌ಗಳ ಡ್ರೈವರನ್ನೇ ತೆಗೆದಿದ್ದಾರೆ. ರೂಟ್ ಪ್ಯಾಚ್ ಮಾಡಿ (ಸಿಸ್ಟಮ್ ಫೈಲ್‌ಗಳನ್ನೇ ತಿದ್ದಿ) ಬಳಸಬಹುದು, ಆದರೆ ಪ್ರತಿ ಅಪ್‌ಡೇಟಿಗೂ ಅದೇ ಪಾಡು, ನನಗೆ ಬೇಡ. ಹಳೇ ಇಂಟೆಲ್ 8265 ಕಾರ್ಡ್ ಮತ್ತೆ ಹಾಕಿ ಏರ್‌ಪೋರ್ಟ್‌ಐಟಿಎಲ್‌ಡಬ್ಲ್ಯೂಎಂ ಡ್ರೈವರ್ ಇಟ್ಟುಕೊಂಡೆ. ಏರ್‌ಡ್ರಾಪ್ ಇಲ್ಲ, ವೈಫೈ ಗಟ್ಟಿ.

ಈಗ ಬೇರೆ ವಾಲ್ಯೂಮ್‌ನಲ್ಲಿ ಸೊನೋಮಾದ ನಂತರದ ಸೆಕ್ವೋಯಾ ಹಾಕಿದ್ದೇನೆ. ಅಲ್ಲಿ ವೈಫೈಗೆ ಐಟಿಎಲ್‌ಡಬ್ಲ್ಯೂಎಂ ಡ್ರೈವರ್ ಜೊತೆ ನೆಟ್‌ವರ್ಕ್ ಆರಿಸುವ ಹೆಲಿಪೋರ್ಟ್ ಆ್ಯಪ್ ಬೇಕಾಯಿತು, ಉಳಿದದ್ದೆಲ್ಲ ಇದೇ ಇಎಫ್‌ಐ ಫೋಲ್ಡರಿನಲ್ಲಿ (ಓಪನ್‌ಕೋರ್, ಡ್ರೈವರ್‌ಗಳೆಲ್ಲ ಇರುವ ಜಾಗ) ಎದ್ದಿತು. 2025ರಲ್ಲಿ ಬಂದ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಮ್ಯಾಕ್‌ಓಎಸ್. ಅದನ್ನು ಹಾಕುವ ಆತುರ ನನಗಿಲ್ಲ. ಎಕ್ಸ್‌ಕೋಡ್ ಸೆಕ್ವೋಯಾದಲ್ಲಿ ಓಡುವವರೆಗೆ ಇಲ್ಲೇ ಇರುತ್ತೇನೆ.